ಮುಚ್ಚಿಟ್ಟ ಮೀನುಸಾರು

ಬೆಳಗಿನ ನಾಲ್ಕಕ್ಕೆ ಬಸ್ಸು ಎಂದಿದ್ದರು.
ಅವಸರದಲ್ಲೂ ಎಲ್ಲ ನೆನಪಾಯಿತು: ಪಾಸ್‌ಪೋರ್ಟು,
ಹಾರಿಸನ ಕೆಮ್ಮಿನ ಔಷಧಿ, ಸಫೂರಳ ಮಾರ್ಕ್ಸ್ ಕಾರ್ಡು, ಗ್ಯಾಸಿನ ನಾಬು.
ಫ್ರಿಜ್ಜಿನಲ್ಲಿ ಹಿಂದಿನ ರಾತ್ರಿಯ ಮೀನುಸಾರು ಉಳಿದಿದೆಯೆಂದು
ಬಸ್ರಾ ದಾಟಿದ ಮೇಲೆ ಹೊಳೆಯಿತು.
ಹೇಳಿದೆ. ಮೊಯ್ದು ನಕ್ಕರು.
ಆ ತಿಂಗಳು ಅವರು ನಕ್ಕದ್ದು ಅದೊಂದೇ ಸಲ.

ವಿರಾಜಪೇಟೆ. ಗಡಿಯಾರ ಕಂಬದ ಹಿಂದಿನ ಓಣಿ,
ಚೀಯವ್ವನವರ ಮಹಡಿಯ ಎರಡು ಕೋಣೆ.
"ಎಷ್ಟು ದಿನಕ್ಕೆ?" ಎಂದರು.
"ಎರಡು ತಿಂಗಳು," ಎಂದೆ.
ಬಾಡಿಗೆಯನ್ನು ಬಾಯೊಳಗೇ ಹೇಳಿದರು,
ನೆಂಟರ ಹತ್ತಿರ ದುಡ್ಡು ಕೇಳುವವರ ಹಾಗೆ.

ಎರಡು ತಿಂಗಳ ಸಂಸಾರಕ್ಕೆ ಅದರದೇ ಲೆಕ್ಕ.
ಉಪ್ಪು ಕಾಲು ಕಿಲೋ. ಚಾಪೆ ಸಾಕು, ಮಂಚ ಬೇಡ.
ಗೋಡೆಗೆ ಮೊಳೆ ಹೊಡೆಯುವುದಿಲ್ಲ.
ಸ್ವೆಟರು ಕೊಳ್ಳುವುದಿಲ್ಲ,
ಸಾಲ್ಮಿಯಾದಲ್ಲಿ ಅದನ್ನು ಯಾರು ಹಾಕಿಕೊಳ್ಳುತ್ತಾರೆ?
ಮಕ್ಕಳು ಒಂದರ ಮೇಲೊಂದು ಅಂಗಿ ತೊಟ್ಟು
ಕಿತ್ತಳೆ ಸುಲಿಯುತ್ತಾ
ಬಿಸಿಲು ಬಿದ್ದ ಮೆಟ್ಟಿಲು ಹುಡುಕುತ್ತಿದ್ದರು.

ತಾಲೂಕು ಕಚೇರಿಯ ಅರ್ಜಿಯಲ್ಲಿ ಎರಡು ಗೆರೆ:
ಖಾಯಂ ವಿಳಾಸ. ತಾತ್ಕಾಲಿಕ ವಿಳಾಸ.
ಮೊಯ್ದು ಮೇಲಿನದರಲ್ಲಿ ಸಾಲ್ಮಿಯಾ ಬರೆದರು,
ಬ್ಲಾಕು, ಬೀದಿ, ಮೂರನೇ ಮಹಡಿ, ಲಿಫ್ಟಿನ ಎದುರು.
ಗುಮಾಸ್ತ ಕೆಂಪು ಶಾಯಿಯಲ್ಲಿ ಎರಡು ಬಾಣ ಎಳೆದು
ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿದ.
ಬಯ್ಯಲಿಲ್ಲ, ಪಾಪ. ಟೀ ಕುಡಿದಿರಾ ಎಂದೂ ಕೇಳಿದ.

ಫ್ರಿಜ್ಜು ರಿಪೇರಿಯವರು ಮೊಯ್ದು.
ಈ ಊರಿನಲ್ಲಿ ನವೆಂಬರಿಗೆ ಹಾಲು ಹೊರಗಿಟ್ಟರೂ ಕೆಡುವುದಿಲ್ಲ.
ಬೇಕರಿಯದೊಂದು, ಡಾಕ್ಟರ ಮನೆಯದೊಂದು,
ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚಲು ಕಾರಣ ಹುಡುಕಿದರು.
ಪರ್ಸಿನಲ್ಲಿ ಇಪ್ಪತ್ತು ದಿನಾರಿನ ನೋಟು ಎರಡು.
ಬ್ಯಾಂಕಿನವರು ಬೆಳಕಿಗೆ ಹಿಡಿದು
"ಚೆನ್ನಾಗಿದೆ" ಎಂದು ವಾಪಸು ಕೊಟ್ಟರು.

ಪುತ್ತರಿಯ ರಾತ್ರಿ ಗದ್ದೆಯ ಕಡೆಯಿಂದ ಕೋವಿಯ ಸದ್ದು.
ಮೊದಲ ಕದಿರು ಕೊಯ್ದರೆಂದು ನನಗೆ ಗೊತ್ತು,
ನಾಪೋಕ್ಲಿನಲ್ಲಿ ಹುಟ್ಟಿದವಳು ನಾನು.
ಹಾರಿಸನಿಗೆ ಗೊತ್ತಿಲ್ಲ.
ಅನ್ನದ ತಟ್ಟೆ ಬಿಟ್ಟು ಹೊಲಿಗೆ ಯಂತ್ರದಡಿ ನುಸುಳಿದ.
ದೀಪ ಆರಿಸು, ಉಮ್ಮ, ದೀಪ ಆರಿಸು.
ತಂಬಿಟ್ಟು ತಂದ ಚೀಯವ್ವ ಬಾಗಿಲಲ್ಲೇ ನಿಂತರು.
ಆಮೇಲೆ ತಾವೇ ಸ್ವಿಚ್ಚು ಆರಿಸಿ,
ಬೆನ್ನ ಹಿಂದಿನ ಸೀರೆ ನೆರಿಗೆಯ ಮೇಲೆಯೇ ನೆಲಕ್ಕೆ ಕುಳಿತು
ಬಟ್ಟಲನ್ನು ಒಳಗೆ ತಳ್ಳಿದರು.
ಕತ್ತಲಲ್ಲಿ ಬಾಳೆಹಣ್ಣಿನ, ಹುರಿದಕ್ಕಿಯ ವಾಸನೆ.
ಬಹಳ ಹೊತ್ತಿನ ಮೇಲೆ, ಅಗಿಯುವ ಸದ್ದು.
ನಾವಿಬ್ಬರೂ ಅದನ್ನೇ ಕೇಳುತ್ತಾ ಕೂತೆವು.

ಫೆಬ್ರವರಿಯಲ್ಲಿ ಯುದ್ಧ ಮುಗಿಯಿತೆಂದಿತು ರೇಡಿಯೋ.
ಮೊಯ್ದು ಬೂಟಿಗೆ ಪಾಲಿಶ್ ಹಾಕಿದರು.
ಕಾಫಿ ಹೂ ಬಂತು, ಹೋಯಿತು.
ಕಂಪೆನಿಯಿಂದ ಕಾಗದವಿಲ್ಲ.
ಏಪ್ರಿಲಿನಲ್ಲಿ ನಾನು, ಯಾರಿಗೂ ಹೇಳದೆ,
ಒಂದು ಕಿಲೋ ಉಪ್ಪು ತಂದೆ.

ಕಾಗದ ಬಂದದ್ದು ಜೂನಿನಲ್ಲಿ, ಅರಬಿಯಲ್ಲಿ.
ಮಸೀದಿಯ ಉಸ್ತಾದರು ಕನ್ನಡಕ ಒರೆಸಿಕೊಂಡು ನೋಡಿ
"ಇದು ಮನೆಮಾತಿನ ಅರಬಿ, ನನಗೆ ಬಗ್ಗುವುದಿಲ್ಲ," ಎಂದರು.
ಹತ್ತು ವರ್ಷದ ಸಫೂರ ಓದಿದಳು,
ಬೆರಳಿಟ್ಟು, ಬಲದಿಂದ ಎಡಕ್ಕೆ.
ಎದುರು ಮನೆಯ ಉಮ್ಮು ಗಸ್ಸಾನ್ ಬರೆದದ್ದು:

ನೀನು ಕೊಟ್ಟ ಬೀಗದ ಕೈಯಿಂದ ಒಳಗೆ ಹೋದೆ.
ಟೀವಿ ಇಲ್ಲ. ಹಾಸಿಗೆ ಇಲ್ಲ.
ಫ್ರಿಜ್ಜನ್ನು ಹೊರಲಾಗದೆ ಬಾಗಿಲ ಬಳಿ ಬಿಟ್ಟಿದ್ದಾರೆ.
ನಿನ್ನ ಸಾರು ಚೆಲ್ಲಿದೆ. ಪಾತ್ರೆಗೆ ನಿಂಬೆ ಹಾಕಿ
ಮೂರು ಸಲ ತೊಳೆದೆ. ವಾಸನೆ ಹೋಗಿದೆ.
ಈಗ ನಮ್ಮನ್ನೂ ಇರಬೇಡಿ ಎನ್ನುತ್ತಿದ್ದಾರೆ.
ನಮ್ಮದು ಎರಡು ತಿಂಗಳಲ್ಲ.
ಪಾತ್ರೆಯನ್ನು ಕಾವಲುಗಾರನ ಹತ್ತಿರ ಇಡೋಣವೆಂದಿದ್ದೆ,
ಮನಸ್ಸಾಗಲಿಲ್ಲ. ತೆಗೆದುಕೊಂಡು ಹೋಗುತ್ತಿದ್ದೇನೆ. ಕ್ಷಮಿಸು.

ಬರೆದದ್ದು ಅಲ್ಲಿ, ಠಸ್ಸೆ ಅಮ್ಮಾನಿನದು.
ಲಕೋಟೆ ತಿರುಗಿಸಿದೆ. ಕಳಿಸಿದವರ ವಿಳಾಸದ ಜಾಗದಲ್ಲಿ
ಒಂದು ಗೆರೆ, ಅಷ್ಟೇ,
ಬರೆಯಲು ಹೋಗಿ ಪೆನ್ನು ನಿಲ್ಲಿಸಿದವಳದು.

ಕೆಳಗೆ ಮೀನಿನವನ ಹಾರ್ನು.
"ಯಾವ ಪಾತ್ರೆ, ಉಮ್ಮ?" ಎಂದಳು ಸಫೂರ.
ಎರಡೂ ಕೈಯಲ್ಲಿ ಅಳತೆ ತೋರಿಸಿದೆ:
ಇಷ್ಟು ಅಗಲ. ಇಷ್ಟು ಆಳ.
ನಾಲ್ಕು ಜನ ಉಂಡು, ಸ್ವಲ್ಪ ಉಳಿಯುವಷ್ಟು.